ಡಿಜಿಟಲ್ ಸಹಿಯನ್ನು ಪರೀಕ್ಷಿಸುವ ಬಗೆ

ಶಿವಮೊಗ್ಗದ ವಿದ್ಯಾರ್ಥಿಯೊಬ್ಬನು ಅಂತರ್ಜಾಲದಿಂದ ಒಂದು ತಂತ್ರಾಂಶವನ್ನು ಇಳಿಸಿಕೊಂಡು, ಪೆನ್‌ಡ್ರೈವಿನಲ್ಲಿ ತುಂಬಿ, ಭದ್ರಾವತಿಯ ಗೆಳೆಯನಿಗೆ ಕೊಟ್ಟನೆನ್ನೋಣ. ತುಂಗೆಯ ದಡದಿಂದ ಭದ್ರೆಯ ದಡಕ್ಕೆ ಬಂದ ಆ ಫೈಲು ಪ್ರಕಾಶಕರು ಹೊರಡಿಸಿದುದೇ ಹೌದೆ? ನಡುವೆ ಯಾರೂ ಅದರಲ್ಲಿ ಕೆಡುಕನ್ನು ಸೇರಿಸಿಲ್ಲವೆ? ಗೆಳೆಯನ ಈ ಸಂದೇಹವನ್ನು ಪರಿಹರಿಸತಕ್ಕ ಸಾಧನವೇ ಡಿಜಿಟಲ್ ಸಹಿ.

ಹಿಂದಿನ ಅರಸರು ತಾಮ್ರಶಾಸನದ ಹಲಗೆಗಳನ್ನು ಬಳೆಯಲ್ಲಿ ಪೋಣಿಸಿ, ಅದರ ಮೇಲೆ ರಾಜಮುದ್ರೆಯನ್ನು ಒತ್ತಿಸುತ್ತಿದ್ದರು. ಆದರೆ ಮುದ್ರೆಯ ರೂಪ ಶಾಸನದ ಮಾತಿಗೆ ತಕ್ಕಂತೆ ಬದಲಾಗುತ್ತಿರಲಿಲ್ಲ. ಡಿಜಿಟಲ್ ಸಹಿಯಾದರೋ ಪ್ರತಿಯೊಂದು ಫೈಲಿಗೂ ಬೇರೆಯಾಗಿರುವುದು. ಫೈಲಿನಲ್ಲಿ ಒಂದೇ ಅಕ್ಷರ ಬದಲಾದರೂ ಸಹಿ ಅದಕ್ಕೆ ಹೊಂದಲಾರದು.

ಇದು ಹೇಗೆ ಸಾಧ್ಯ? ಮೊದಲು ಗಣಿತಕ್ರಮದಿಂದ ಫೈಲಿನ ಸಾರಸಂಖ್ಯೆಯೊಂದನ್ನು ಪಡೆಯುವರು. ಎಸ್‌ಎಚ್‌ಎ-256 ಎಂಬ ಕ್ರಮದಲ್ಲಿ, ಫೈಲು ಎಷ್ಟೇ ದೊಡ್ಡದಿದ್ದರೂ ಸಾರದ ಅಳತೆ 256 ಬಿಟ್ಟುಗಳು. ಪ್ರಕಾಶಕರು ಈ ಸಾರವನ್ನು ತಮ್ಮ ಗುಪ್ತ ಕೀಲಿಯಿಂದ ಸಹಿಯಾಗಿ ಮಾರ್ಪಡಿಸುವರು. ಅದರ ಜೋಡಿಯಾದ ಬಹಿರಂಗ ಕೀಲಿಯಿಂದ ಯಾರು ಬೇಕಾದರೂ ಸಹಿಯನ್ನು ಪರೀಕ್ಷಿಸಬಹುದು.

1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ರೂಪಿಸಿದ ಕ್ರಮವನ್ನು ಸಣ್ಣ ಸಂಖ್ಯೆಗಳಿಂದ ನೋಡೋಣ. 3 ಮತ್ತು 11 ಎಂಬ ಅವಿಭಾಜ್ಯಗಳ ಗುಣಲಬ್ಧ 33. ಗುಪ್ತ ಘಾತ 7, ಬಹಿರಂಗ ಘಾತ 3, ಫೈಲಿನ ಸಾರ 2 ಆಗಿರಲಿ. 2ರ 7ನೆಯ ಘಾತ 128. ಅದನ್ನು 33ರಿಂದ ಭಾಗಿಸಿದಾಗ ಉಳಿಯುವ ಶೇಷ 29. ಇದೇ ಸಹಿ. ಪರೀಕ್ಷಿಸುವವನು 29ರ ಘನವನ್ನು, ಎಂದರೆ 24,389ನ್ನು, 33ರಿಂದ ಭಾಗಿಸಿದರೆ ಶೇಷ 2 ದೊರೆಯುವುದು. ತನ್ನ ಕೈಯಲ್ಲಿರುವ ಫೈಲಿನ ಸಾರವೂ 2 ಆದರೆ ಸಹಿ ನಿಜ. 5 ಬಂದರೆ ಫೈಲು ಬದಲಾಗಿದೆ. ವ್ಯವಹಾರದಲ್ಲಿ 33ರ ಬದಲು 600ಕ್ಕೂ ಹೆಚ್ಚು ಅಂಕಿಗಳ ಸಂಖ್ಯೆಯನ್ನು ಬಳಸುವುದರಿಂದ, ಅದರ ಅಪವರ್ತನಗಳನ್ನು ಕಂಡು ಗುಪ್ತ ಕೀಲಿಯನ್ನು ಪಡೆಯುವುದು ಇಂದಿನ ಗಣಕಗಳಿಗೆ ಅಸಾಧ್ಯ.

ವಿಂಡೋಸ್ ಗಣಕದಲ್ಲಿ ಈ ಲೆಕ್ಕವನ್ನು ಯಂತ್ರವೇ ಮಾಡುವುದು. ಫೈಲಿನ ಮೇಲೆ ಮೌಸಿನ ಬಲಗುಂಡಿಯನ್ನೊತ್ತಿ, ‘ಪ್ರಾಪರ್ಟೀಸ್’ನಲ್ಲಿ ‘ಡಿಜಿಟಲ್ ಸಿಗ್ನೇಚರ್ಸ್’ ಎಂಬುದನ್ನು ತೆರೆದು, ಸಹಿಯನ್ನು ಆಯ್ದು ‘ಡೀಟೇಲ್ಸ್’ ಒತ್ತಬೇಕು. ಸಹಿ ಸರಿಯೆಂದರೆ ಸಾಲದು. ಸಹಿದಾರರ ಹೆಸರು ನಾವು ಬಯಸಿದ ಪ್ರಕಾಶಕರದೇ ಎಂಬುದನ್ನೂ ನೋಡತಕ್ಕದ್ದು. ಕೀಲಿ ಅವರದೆಂಬುದಕ್ಕೆ ಪ್ರಮಾಣೀಕರಣ ಸಂಸ್ಥೆಯ ಪ್ರಮಾಣಪತ್ರವೇ ಸಾಕ್ಷಿ.

2016ರ ಫೆಬ್ರವರಿಯಲ್ಲಿ ಲಿನಕ್ಸ್ ಮಿಂಟ್ ತಾಣಕ್ಕೆ ನುಗ್ಗಿದ ಕಳ್ಳರು ಅಸಲು ಫೈಲಿನ ಬದಲು ಕೆಡಿಸಿದ ಫೈಲು ಇಳಿಯುವಂತೆ ಮಾಡಿದರು. ತಾಣವೇ ಕೈವಶವಾದಾಗ ಅಲ್ಲಿ ಬರೆದಿಟ್ಟ ಸಾರಸಂಖ್ಯೆಯನ್ನೂ ತಿದ್ದಬಹುದು. ಆದರೆ ಗುಪ್ತ ಕೀಲಿಯಿಲ್ಲದೆ ಸಹಿಯನ್ನು ಸೃಷ್ಟಿಸಲಾಗದು. ಕೀಲಿಯೇ ಕಳುವಾದರೆ? 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ಪೀಡೆ ತೈವಾನಿನ ಎರಡು ಕಂಪನಿಗಳ ಕದ್ದ ಕೀಲಿಗಳಿಂದ ಸಹಿ ಪಡೆದಿತ್ತು.

ಆದುದರಿಂದ ಸಹಿಯು ಫೈಲಿನ ಮೂಲವನ್ನೂ ಅದು ಬದಲಾಗದಿರುವುದನ್ನೂ ತಿಳಿಸುವುದೇ ಹೊರತು, ಅದರ ಗುಣಕ್ಕೆ ಹೊಣೆಯಾಗದು. ಇಷ್ಟನ್ನು ಅರಿತರೆ, ಭದ್ರಾವತಿಯ ಗೆಳೆಯನು ಫೈಲು ಬಂದ ದಾರಿಯನ್ನು ವಿಚಾರಿಸಬೇಕಾಗಿಲ್ಲ. ಸಹಿಯನ್ನು ಪರೀಕ್ಷಿಸಿ, ಸಹಿ ಹಾಕಿದವರು ನಂಬಿಕೆಗೆ ಅರ್ಹರೇ ಎಂಬುದನ್ನು ತಾನೇ ನಿರ್ಣಯಿಸಿದರಾಯಿತು.