ಗಂಜಿ ಬೇಯುವಾಗ ಗ್ಯಾಸ್ ಎಲ್ಲಿಗೆ ಹೋಗುತ್ತದೆ? – ಅಡುಗೆಮನೆಯ ಉಳಿತಾಯದಿಂದ ಒಂದು ವಿಜ್ಞಾನ ಪಾಠ

ನಮ್ಮ ಬೋಧನಾಭ್ಯಾಸದ ಪಾಠಯೋಜನೆಗಳಲ್ಲಿ ಅಡುಗೆಮನೆ ಪೀಠಿಕೆಗಷ್ಟೇ ಬಂದು ಹೋಗುತ್ತದೆ. "ಮನೆಯಲ್ಲಿ ನೀರು ಕುದಿಯುವುದನ್ನು ನೋಡಿದ್ದೀರಾ?" ಎಂದು ಕೇಳುತ್ತೇವೆ. ಮಕ್ಕಳು "ಹೌದು ಟೀಚರ್" ಎನ್ನುತ್ತಾರೆ. ಶೀರ್ಷಿಕೆ ಕಪ್ಪುಹಲಗೆಗೆ ಏರುತ್ತದೆ, ಆಮೇಲೆ ಬೀಕರು, ಬರ್ನರು, ಸೂತ್ರ. ಒಂಬತ್ತನೇ ತರಗತಿಯಲ್ಲಿ ದ್ರವ್ಯದ ಸ್ಥಿತಿ ಬದಲಾವಣೆ ಮತ್ತು ಗುಪ್ತೋಷ್ಣವನ್ನು ಕಲಿಸುವಾಗ ಈ ಕ್ರಮವನ್ನು ಬದಲಿಸಿ ನೋಡಬಹುದು. ಮನೆಯಲ್ಲಿ ಹಿರಿಯರು ಹೇಳುವ ಉಳಿತಾಯದ ಮಾತನ್ನು ಉದಾಹರಣೆಯಾಗಿ ಬಳಸದೆ, ಪರೀಕ್ಷಿಸಬೇಕಾದ ಹೇಳಿಕೆಯಾಗಿ ತರಗತಿಗೆ ತರುವುದು. ಆ ಮಾತು ನಿಜವೆಂದೂ ತೀರ್ಮಾನವಾಗಬಹುದು, ಸುಳ್ಳೆಂದೂ ಆಗಬಹುದು. ಎರಡಕ್ಕೂ ಶಿಕ್ಷಕರು ಸಿದ್ಧರಿರಬೇಕು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಶಾಲೆಗಳಿಗೆ ಇದಕ್ಕೆ ಒದಗುವ ವಸ್ತು ಕುಚ್ಚಲಕ್ಕಿ. ಬೆಳ್ತಿಗೆ ಅಕ್ಕಿಗಿಂತ ಇದು ಬೇಯಲು ತುಂಬಾ ಹೊತ್ತು ಬೇಕು. ತೆರೆದ ಪಾತ್ರೆಯಲ್ಲಾದರೆ ಮುಕ್ಕಾಲು ಗಂಟೆ ಸಲೀಸಾಗಿ ಹೋಗುತ್ತದೆ. ಸೌದೆ ಒಲೆಯಿದ್ದಾಗ ಈ ಹೊತ್ತು ಯಾರಿಗೂ ಭಾರವೆನಿಸಿರಲಿಲ್ಲ, ತೋಟದ ಮಡಲು, ಕೊತ್ತಳಿಗೆಗಳೇ ಉರಿಯುತ್ತಿದ್ದವು. ಸಿಲಿಂಡರ್ ಬಂದ ಮೇಲೆ ಪ್ರತಿ ನಿಮಿಷಕ್ಕೂ ಬೆಲೆ ಬಂದಿದೆ. ಆದ್ದರಿಂದ "ಕುದಿ ಬಂದ ಮೇಲೆ ಬೆಂಕಿ ಸಣ್ಣ ಮಾಡು" ಎಂಬ ಅಜ್ಜಿಯ ಮಾತಿನಿಂದಲೇ ಪಾಠ ಆರಂಭಿಸಬಹುದು. ಬೆಂಕಿ ಸಣ್ಣದಾದರೆ ಅಕ್ಕಿ ನಿಧಾನವಾಗಿ ಬೇಯುವುದಿಲ್ಲವೇ ಎಂದು ಕೇಳಿದರೆ ತರಗತಿಯ ಬಹುಪಾಲು ಕೈಗಳು "ಹೌದು" ಎಂದೇ ಏಳುತ್ತವೆ.

ಈಗ ಪ್ರಯೋಗಾಲಯದ ಥರ್ಮಾಮೀಟರು ಹೊರಬರಲಿ. ನೀರು ಜೋರಾಗಿ ಕುದಿಯುವಾಗ ಒಮ್ಮೆ, ಬೆಂಕಿ ಸಣ್ಣ ಮಾಡಿ ನೀರು ಮೆಲ್ಲಗೆ ಕುದಿಯುವಾಗ ಒಮ್ಮೆ ಮಕ್ಕಳೇ ಓದಲಿ. ಎರಡೂ ಸಲ ಪಾದರಸ 100 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ನಿಂತಿರುತ್ತದೆ. ಅಕ್ಕಿಗೆ ಗೊತ್ತಾಗುವುದು ನೀರಿನ ತಾಪ ಮಾತ್ರ, ಬರ್ನರಿನ ಉರಿ ಎಷ್ಟು ದೊಡ್ಡದೆಂಬುದು ಅದಕ್ಕೆ ತಿಳಿಯದು. ಹಾಗಾದರೆ ಹೆಚ್ಚಿನ ಗ್ಯಾಸ್ ಎಲ್ಲಿಗೆ ಹೋಯಿತು? ಇಲ್ಲಿ ಸ್ವಲ್ಪ ಹೊತ್ತು ಸುಮ್ಮನಿರುವುದು ಒಳ್ಳೆಯದು. ಯಾರಾದರೊಬ್ಬರು ಪಾತ್ರೆಯ ಮೇಲಿನ ಹಬೆಯತ್ತ ಕೈ ತೋರಿಸಿಯೇ ತೋರಿಸುತ್ತಾರೆ.

ಲೆಕ್ಕವನ್ನು ಹಲಗೆಯ ಮೇಲೆ ಮಾಡಿಸಬೇಕು, ಬಾಯಿಮಾತಿಗೆ ಬಿಡಬಾರದು. ಒಂದು ಲೀಟರ್ ನೀರನ್ನು 28 ಡಿಗ್ರಿಯಿಂದ 100 ಡಿಗ್ರಿಗೆ ಏರಿಸಲು 4.2 × 72, ಅಂದರೆ ಸುಮಾರು 302 ಕಿಲೊಜೂಲ್ ಬೇಕು. ಅದೇ ನೀರಿನಲ್ಲಿ ಅರ್ಧ ಲೀಟರ್ ಹಬೆಯಾಗಿ ಹೋಗಲು 0.5 × 2260, ಅಂದರೆ 1130 ಕಿಲೊಜೂಲ್. ನೀರನ್ನು ಕುದಿಗೆ ತರುವ ಖರ್ಚಿಗಿಂತ ಕುದಿದು ಆರಿಹೋಗುವ ಖರ್ಚು ಹೆಚ್ಚುಕಡಿಮೆ ನಾಲ್ಕು ಪಟ್ಟು! ಒಂದು ಗ್ರಾಂ ಎಲ್‌ಪಿಜಿ ಸುಮಾರು 46 ಕಿಲೊಜೂಲ್ ಕೊಡುತ್ತದೆ. ಒಲೆಯ ದಕ್ಷತೆಯನ್ನು ಶೇಕಡಾ 68 ಎಂದು ಹಿಡಿದರೆ ಪಾತ್ರೆಗೆ ತಲಪುವುದು 31 ಕಿಲೊಜೂಲ್. ಆ ಅರ್ಧ ಲೀಟರ್ ಹಬೆಗೆ ತಗಲುವುದು 36 ಗ್ರಾಂ ಗ್ಯಾಸ್. ದಿನವೂ ಹೀಗಾದರೆ ತಿಂಗಳಿಗೆ ಒಂದು ಕಿಲೋ ದಾಟುತ್ತದೆ. 14.2 ಕಿಲೋದ ಸಿಲಿಂಡರಿನ ಈಗಿನ ಬೆಲೆಯನ್ನು ಮನೆಯಲ್ಲಿ ಕೇಳಿಕೊಂಡು ಬಂದು ರೂಪಾಯಿ ಲೆಕ್ಕವನ್ನು ಮಕ್ಕಳೇ ಪೂರ್ಣಗೊಳಿಸಲಿ. ಕುಕ್ಕರಿನ ಸೀಟಿಗೂ ಇದೇ ವಿವರಣೆ ಸಾಕು: ಒಳಗಿನ ತಾಪ 120 ಡಿಗ್ರಿಯ ಹತ್ತಿರ ತಲಪಿದ ಮೇಲೆ ಹೊಡೆಯುವ ಪ್ರತಿ ಸೀಟಿಯೂ ಹೊರಗೆ ಹೋಗುತ್ತಿರುವ ಗ್ಯಾಸಿನ ಹಣ.

ಇಲ್ಲಿಂದ ಬೆಂಕಿಯೇ ಇಲ್ಲದೆ ಬೇಯಿಸುವ ಪೆಟ್ಟಿಗೆಗೆ ಹೋಗುವುದು ಸುಲಭ. ರಟ್ಟಿನ ಪೆಟ್ಟಿಗೆ, ಒತ್ತಿ ತುಂಬಿದ ಬೈಹುಲ್ಲು ಅಥವಾ ಹಳೆಯ ಕಂಬಳಿ, ನಡುವೆ ಪಾತ್ರೆ ಕೂರುವಷ್ಟು ಗುಂಡಿ, ಮೇಲೆ ಹುಲ್ಲು ತುಂಬಿದ ದಿಂಬು. ನೆನೆಸಿದ ಕುಚ್ಚಲಕ್ಕಿಯನ್ನು ಹದಿನೈದು ನಿಮಿಷ ಚೆನ್ನಾಗಿ ಕುದಿಸಿ, ಮುಚ್ಚಳ ತೆರೆಯದೆ ಇದರೊಳಗಿಟ್ಟರೆ ಎರಡು ಮೂರು ಗಂಟೆಯಲ್ಲಿ ಉಳಿದದ್ದು ತಾನಾಗಿ ಬೇಯುತ್ತದೆ. ಅಂಗಡಿಯಲ್ಲಿ ಸಿಗುವ ಥರ್ಮಲ್ ಕುಕ್ಕರಿನದೂ ಇದೇ ತತ್ವ. ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಧನ ಉಳಿಸಲು ಬ್ರಿಟನ್ನಿನ ಮನೆಗಳಲ್ಲಿ ಬಳಸಿದ ಹುಲ್ಲಿನ ಪೆಟ್ಟಿಗೆಯೂ ಇದೇ. ಶಾಖ ತಡೆಯುವುದು ಹುಲ್ಲಿನ ಎಳೆಗಳ ನಡುವೆ ಸಿಕ್ಕಿಕೊಂಡ, ಅಲುಗದ ಗಾಳಿ. ವಹನ ಮತ್ತು ಸಂವಹನ ಎರಡೂ ಏಕೆ ಕಡಿಮೆಯಾಗುತ್ತವೆ ಎಂಬ ಪ್ರಶ್ನೆಯನ್ನು ಇಲ್ಲಿಗೇ ಜೋಡಿಸಬಹುದು. ಪ್ರಶಿಕ್ಷಣಾರ್ಥಿಗಳಿಗೆ ಒಂದು ಸೂಚನೆ: 100 ಮಿಲಿಲೀಟರ್ ಬೀಕರಿನಲ್ಲಿ ಇದನ್ನು ತೋರಿಸಹೊರಟರೆ ಫಲ ಸಿಗದು. ಗಾತ್ರ ಸಣ್ಣದಾದಷ್ಟೂ ಅದಕ್ಕೆ ಹೋಲಿಸಿದ ಮೇಲ್ಮೈ ಹೆಚ್ಚು, ನೀರು ಬೇಗ ತಣಿಯುತ್ತದೆ. ಒಂದೇ ಅಳತೆಯ ಎರಡು ಪಾತ್ರೆಗಳಲ್ಲಿ ಕನಿಷ್ಠ ಎರಡು ಲೀಟರ್ ಬಿಸಿನೀರು ತುಂಬಿಸಿ, ಒಂದನ್ನು ಪೆಟ್ಟಿಗೆಯಲ್ಲೂ ಇನ್ನೊಂದನ್ನು ಮೇಜಿನ ಮೇಲೂ ಇಟ್ಟು ಕೊನೆಯ ಅವಧಿಯವರೆಗೆ ಕಾಯಬೇಕು. ಪಾಠವನ್ನು ಮೊದಲ ಅವಧಿಗೆ ಹಾಕಿಸಿಕೊಂಡರೆ ಒಳ್ಳೆಯದು.

ಪೆಟ್ಟಿಗೆಯನ್ನು ಹೊಗಳಿ ನಿಲ್ಲಿಸುವಂತಿಲ್ಲ. ತಾಪ 60 ಡಿಗ್ರಿಗಿಂತ ಕೆಳಗೆ ಇಳಿದು ಗಂಟೆಗಟ್ಟಲೆ ಉಳಿದರೆ, ಕುದಿಸಿದರೂ ಸಾಯದೆ ಅಕ್ಕಿಯಲ್ಲಿ ಉಳಿದಿರುವ ಬ್ಯಾಸಿಲಸ್ ಸೀರಿಯಸ್‌ನಂಥ ಬ್ಯಾಕ್ಟೀರಿಯಾದ ಬೀಜಕಗಳು ಮೊಳೆತು ವೃದ್ಧಿಯಾಗುತ್ತವೆ. ಅವು ಉಂಟುಮಾಡುವ ಒಂದು ವಿಷ ಮತ್ತೆ ಬಿಸಿ ಮಾಡಿದರೂ ನಾಶವಾಗುವುದಿಲ್ಲ. ಕೆಂಪು ರಾಜ್ಮಾದ ವಿಷಯ ಇನ್ನೂ ಗಂಭೀರ. ಅದನ್ನು ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಜೋರಾಗಿ ಕುದಿಸದೆ ಪೆಟ್ಟಿಗೆಯಲ್ಲಿಟ್ಟರೆ ಹೊಟ್ಟೆ ಕೆಡುತ್ತದೆ. ಆದ್ದರಿಂದ ಮಕ್ಕಳ ದಾಖಲೆ ಪಟ್ಟಿಯಲ್ಲಿ "60 ಡಿಗ್ರಿ ತಲಪಿದ ಸಮಯ" ಎಂಬ ಕಾಲಂ ಇರಲೇಬೇಕು. ನನ್ನ ಮಟ್ಟಿಗೆ ಇಡೀ ಪಾಠದ ಮುಖ್ಯ ಕಾಲಂ ಇದೇ. ಮಗು ಈ ಪೆಟ್ಟಿಗೆಯನ್ನು ಮನೆಯಲ್ಲಿ ಮಾಡಿ ನೋಡುವ ಸಾಧ್ಯತೆ ಇದೆ. ಅರ್ಧ ಹೇಳಿದ ಪಾಠದ ಫಲವನ್ನು ಉಣ್ಣುವವರು ಮನೆಯವರು.

ನಮ್ಮ ಕಡೆಯ ಇತರ ಉಪಾಯಗಳು ಒಂದೊಂದು ಪ್ರಶ್ನೆಗೆ ಆಗುತ್ತವೆ. ಇಡ್ಲಿ ಬೇಯಿಸುವ ಅಟ್ಟಿನಳಗೆಯ ತಳಕ್ಕೆ ಒಂದು ನಾಣ್ಯ ಹಾಕಿದರೆ, ಗುಳ್ಳೆಗಳು ಅದನ್ನು ಕುಣಿಸುವಷ್ಟು ಹೊತ್ತು ಟಕಟಕ ಸದ್ದು ಇರುತ್ತದೆ. ಸದ್ದು ನಿಂತರೆ ನೀರು ಆರಿತೆಂದು ಅರ್ಥ. ಖರ್ಚಿಲ್ಲದ ಎಚ್ಚರಿಕೆಯ ಗಂಟೆ ಇದು. ಹಲಸಿನ ಎಲೆಗಳನ್ನು ತೆಂಗಿನ ಗರಿಯ ಕಡ್ಡಿಯಿಂದ ಚುಚ್ಚಿ ಮಾಡುವ ಕೊಟ್ಟೆಯೂ ಖರ್ಚಿಲ್ಲದ ಪಾತ್ರೆಯೇ. ಹಬೆ ಅದರ ಮೇಲೆ ನೀರಾಗುವಾಗ, ಮೊದಲು ಲೆಕ್ಕ ಹಾಕಿದ ಅದೇ ಗುಪ್ತೋಷ್ಣ ಹಿಟ್ಟಿಗೆ ಸಿಗುತ್ತದೆ. ಗೆರಟೆಯ ಸೌಟು ಕೈ ಸುಡದಿರುವುದು ಏಕೆಂದು ಏಳನೇ ತರಗತಿಯವರೂ ಹೇಳಬಲ್ಲರು. ಹಳೆಯ ಮನೆಗಳ ಕೊಡಿಯೊಲೆಯಲ್ಲಿ ಮುಖ್ಯ ಒಲೆಯ ಉಳಿದ ಶಾಖದಿಂದ ಎರಡನೇ ಪಾತ್ರೆ ಕಾಯುತ್ತಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದವರು ರೂಪಿಸಿದ ಮೂರು ಪಾತ್ರೆಗಳ ಅಸ್ತ್ರ ಒಲೆಯೂ ಬಿಸಿಗಾಳಿಯನ್ನು ವ್ಯರ್ಥವಾಗಲು ಬಿಡದೆ ಮುಂದಿನ ಪಾತ್ರೆಗಳ ಅಡಿಗೆ ಹಾಯಿಸಿತು.

ಪರೀಕ್ಷೆಯಲ್ಲಿ ಸೋಲುವ ಮಾತುಗಳನ್ನೂ ಆರಿಸಿಕೊಳ್ಳಬೇಕು. "ಮೊದಲೇ ಉಪ್ಪು ಹಾಕಿದರೆ ನೀರು ಹೆಚ್ಚು ಬಿಸಿಯಾಗಿ ಬೇಗ ಬೇಯುತ್ತದೆ" ಎಂಬುದು ಅಂಥದ್ದು. ಒಂದು ಲೀಟರಿಗೆ 10 ಗ್ರಾಂ ಉಪ್ಪು ಹಾಕಿದರೆ ಕುದಿಬಿಂದು ಏರುವುದು 0.2 ಡಿಗ್ರಿಗೂ ಕಡಿಮೆ. ಬೇಳೆಗೆ ಅಡಿಗೆ ಸೋಡ ಹಾಕಿದರೆ ಬೇಗ ಬೇಯುವುದು ನಿಜ, ಆದರೆ ಬಿ1 ಜೀವಸತ್ವ ನಾಶವಾಗುತ್ತದೆ. ಗ್ಯಾಸ್ ಉಳಿಸಿ ಪೋಷಕಾಂಶ ಕಳೆಯುವುದು ಉಳಿತಾಯವೇ ಎಂದು ಗುಂಪಿನಲ್ಲಿ ಚರ್ಚಿಸಲಿ. 5ಇ ಮಾದರಿಯ ವಿಸ್ತರಣೆಯ ಹಂತಕ್ಕೆ ಇದು ಸರಿಹೊಂದುತ್ತದೆ.

ತರಗತಿಯಲ್ಲಿ ತುಳು, ಬ್ಯಾರಿ, ಕೊಂಕಣಿ ಮಾತನಾಡುವ ಮಕ್ಕಳು ಜೊತೆಗಿರುತ್ತಾರೆ. ಕೊಟ್ಟೆ ಕೆಲವರಿಗೆ ಗುಂಡ, ಕೆಲವರಿಗೆ ಖೊಟ್ಟೊ. ಎಲ್ಲ ಹೆಸರುಗಳೂ ಹಲಗೆಯ ಮೇಲೆ ಬರಲಿ. ಯಾರ ಮನೆಯಲ್ಲಿ ಸೌದೆ, ಯಾರಲ್ಲಿ ಇಂಡಕ್ಷನ್ ಒಲೆ ಎಂದು ಕೈ ಎತ್ತಿಸಿ ಕೇಳುವುದು ಬೇಡ. ಅದರ ಬದಲು ಅಕ್ಷರ ದಾಸೋಹದ ಅಡುಗೆಯಕ್ಕನನ್ನು ಹತ್ತು ನಿಮಿಷ ತರಗತಿಗೆ ಕರೆದು, ನೂರಾರು ಮಕ್ಕಳಿಗೆ ಬೇಯಿಸುವಾಗ ಬೆಂಕಿ ಯಾವಾಗ ಸಣ್ಣ ಮಾಡುತ್ತಾರೆಂದು ಮಕ್ಕಳೇ ಕೇಳಲಿ. ಹುಡುಗರೂ ಕೇಳಲಿ.

ಮೌಲ್ಯಮಾಪನಕ್ಕೆ ನಾನು ಸೂಚಿಸುವ ಪ್ರಶ್ನೆ ಒಂದೇ: "ನಿಮ್ಮ ಮನೆಯಲ್ಲಿ ಕೇಳಿದ ಒಂದು ಉಳಿತಾಯದ ಮಾತನ್ನು ಬರೆಯಿರಿ. ಅದು ನಿಜವೋ ಅಲ್ಲವೋ ಎಂದು ತಿಳಿಯಲು ಏನನ್ನು ಅಳೆಯುತ್ತೀರಿ, ಯಾವುದನ್ನು ಬದಲಿಸದೆ ಇಡುತ್ತೀರಿ?" ಅಂಕ 4, ಅಳತೆಗೆ 2, ಬದಲಿಸದೆ ಇಟ್ಟದ್ದಕ್ಕೆ 2. ಮಾತು ನಿಜವೆಂದು ಸಾಧಿಸಿದ್ದಕ್ಕೆ ಬೇರೆ ಅಂಕವಿಲ್ಲ.