ಸಹಾಯಕ್ಕೆ ಬಂದವನ ಕೈಗೆ ಕಾರ್ಡ್ ಕೊಡಬೇಡಿ

ಬಡವನಹಳ್ಳಿ ಸುತ್ತಿನ ಹಿರಿಯರಿಗೆ, ಅದಕ್ಕಿಂತ ಹೆಚ್ಚಾಗಿ ಅವರ ಮಕ್ಕಳಿಗೆ ಈ ಮಾತು. ಪಿಂಚಣಿ, ಹಾಲಿನ ಬಟವಾಡೆ, ಗೃಹಲಕ್ಷ್ಮಿಯ 2,000 ರೂಪಾಯಿ ಎಲ್ಲವೂ ಈಗ ಖಾತೆಗೇ ಬರುತ್ತದೆ. ಎಟಿಎಂ ಮುಂದೆ ತಡಕಾಡುವವರನ್ನೇ ವಂಚಕರು ಕಾಯುತ್ತಾರೆ.

ವಂಚಕನೊಬ್ಬ ಬಂದು ‘ಕೊಡಜ್ಜಿ, ನಾನು ತೆಗೆದುಕೊಡ್ತೀನಿ’ ಎನ್ನುತ್ತಾನೆ. ಪಿನ್ ಕೇಳಿಕೊಳ್ಳುತ್ತಾನೆ. ಮಿಷನ್ನಲ್ಲಿ ದುಡ್ಡಿಲ್ಲ ಎಂದು ಅದೇ ಬ್ಯಾಂಕಿನ, ಅದೇ ಬಣ್ಣದ ಬೇರೆ ಕಾರ್ಡ್ ಕೈಗಿಡುತ್ತಾನೆ. ಅಜ್ಜಿ ಊರು ಸೇರುವಷ್ಟರಲ್ಲಿ ಮಧುಗಿರಿಯಲ್ಲೋ ಶಿರಾದಲ್ಲೋ ಖಾತೆ ಬರಿದಾಗಿರುತ್ತದೆ. ನಿಮ್ಮ ಕಾರ್ಡಿನ ಮೇಲೆ ಅಳಿಯದ ಶಾಯಿಯಲ್ಲಿ ಒಂದು ಗುರುತು ಹಾಕಿಡಿ, ಅದಲುಬದಲಾದರೆ ತಕ್ಷಣ ತಿಳಿಯುತ್ತದೆ. ಪಿನ್ ಒತ್ತುವಾಗ ಇನ್ನೊಂದು ಕೈ ಅಡ್ಡ ಹಿಡಿಯಿರಿ. ಕಷ್ಟವೆನಿಸಿದರೆ ಬ್ಯಾಂಕಿನ ಕೌಂಟರಿಗೇ ಹೋಗಿ, ಅದರಲ್ಲಿ ಸಂಕೋಚವೇಕೆ?

ಕಾರ್ಡ್ ಸಿಕ್ಕಿಕೊಂಡರೆ ಗೋಡೆಗೆ ಅಂಟಿಸಿದ ಚೀಟಿಯ ನಂಬರಿಗೆ ಫೋನ್ ಮಾಡಬೇಡಿ. ಕಾರ್ಡ್ ಸಿಕ್ಕಿಕೊಳ್ಳಲೆಂದು ಮಿಷನ್ನಿನ ಕಿಂಡಿಗೆ ಅಂಟು ಹಚ್ಚಿದವರೇ ಆ ಚೀಟಿಯನ್ನೂ ಅಂಟಿಸಿರಬಹುದು. ಬ್ಯಾಂಕಿನ ಸಹಾಯವಾಣಿಯನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಹಣ ಹೋಯಿತೆಂದು ತಿಳಿದ ಕೂಡಲೇ ಕಾರ್ಡ್ ಬ್ಲಾಕ್ ಮಾಡಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನಾಚಿಕೆಯಿಂದ ಸುಮ್ಮನಿದ್ದುಬಿಡುವವರನ್ನು ಕಂಡರೆ ನನಗೆ ನೋವಾಗುತ್ತದೆ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಪ್ರಕಾರ, ನೀವೇ ಪಿನ್ ಹೇಳಿಕೊಟ್ಟಿದ್ದರೂ, ಬ್ಯಾಂಕಿಗೆ ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು. ದೂರಿನ ಸಂಖ್ಯೆ, ದಿನಾಂಕ, ಸಮಯವನ್ನು ಪಾಸ್‌ಬುಕ್ಕಿನಲ್ಲೇ ಬರೆದಿಡಿ.