ಚಂಡಮಾರುತಕ್ಕೆ ಮುನ್ನಿನ ಹೊತ್ತು



ರಜೆ ಬಂತೆಂದರೆ ಕಡಲ ತೀರಕ್ಕೆ ಹೋಗಬೇಕೆಂಬ ಆಸೆ ಯಾರಿಗಿಲ್ಲ? ಮಂಜೇಶ್ವರದಿಂದ ದಕ್ಷಿಣಕ್ಕೆ ಹಬ್ಬಿರುವ ಈ ಕರಾವಳಿಯಲ್ಲಿ ಹುಟ್ಟಿ ಬೆಳೆದ ನಮಗಂತೂ ತೆರೆಗಳ ಮೊರೆತವು ಜೋಗುಳದಷ್ಟೇ ಪರಿಚಿತವಾದುದು. ಆದರೆ ಅತಿಪರಿಚಯದಿಂದ ಅಸಡ್ಡೆಯೂ ಹುಟ್ಟುತ್ತದೆ. ದೂರದಲ್ಲೆದ್ದ ಬಿರುಗಾಳಿಯು ದಡವನ್ನು ಮುಟ್ಟುವ ಮೊದಲು ನಮಗೆ ದೊರೆಯುವ ಹೊತ್ತು ಎಷ್ಟು? ಅದನ್ನು ಹೇಗೆ ಬಳಸಬೇಕು? ಇದೇ ಈ ಪಾಠದ ವಿಷಯ. ಇದನ್ನು ತಿಳಿಯಲು ಮೊದಲು ಅಮೆರಿಕದ ಮೆಕ್ಸಿಕೋ ಕೊಲ್ಲಿಯ ದಡಕ್ಕೆ ಹೋಗೋಣ. ಅಲ್ಲಿ ಕಡಲ ವಿಹಾರ, ಮನೆಯ ನಾಯಿ, ಪುಟ್ಟ ವಿಮಾನ, ಚಂಡಮಾರುತ ಇವು ನಾಲ್ಕೂ ಒಂದೇ ಕಥೆಯೊಳಗೆ ಸೇರಿಕೊಂಡಿವೆ.

ಗ್ಯಾಲ್ವೆಸ್ಟನ್ ದ್ವೀಪ

ಟೆಕ್ಸಾಸ್ ಸಂಸ್ಥಾನದ ಅಂಚಿನಲ್ಲಿ ಗ್ಯಾಲ್ವೆಸ್ಟನ್ ಎಂಬ ಮರಳಿನ ದ್ವೀಪವಿದೆ. ಅದು ಹಿಂದಿನಿಂದಲೂ ವಿಹಾರಸ್ಥಳ. ಇಂದಿಗೂ ಬೇಸಗೆಯಲ್ಲಿ ಕುಟುಂಬಗಳು ನಾಯಿಗಳನ್ನು ಜೊತೆಗೆ ಕರೆದುಕೊಂಡು ಅಲ್ಲಿಗೆ ಬರುತ್ತವೆ. ಆ ದೇಶದಲ್ಲಿ ನಾಲ್ಕು ಆಸನದ ಸಣ್ಣ ವಿಮಾನವನ್ನು ತಾವೇ ನಡೆಸಿಕೊಂಡು ಪ್ರವಾಸ ಹೋಗುವವರೂ ಇದ್ದಾರೆ. ಆದರೆ ಅಟ್ಲಾಂಟಿಕ್ ಸಾಗರದ ಚಂಡಮಾರುತಗಳ ಕಾಲವು ಜೂನ್ 1ರಿಂದ ನವೆಂಬರ್ 30ರವರೆಗೆ. ವಿಹಾರದ ಕಾಲವೂ ಬಿರುಗಾಳಿಯ ಕಾಲವೂ ಅಲ್ಲಿ ಒಂದೇ ಎಂಬುದನ್ನು ನೆನಪಿನಲ್ಲಿಡಬೇಕು.

1900ರಲ್ಲಿ ಆ ಪಟ್ಟಣದ ಜನಸಂಖ್ಯೆ ಸುಮಾರು 38,000. ಅದರ ಅತ್ಯಂತ ಎತ್ತರದ ಸ್ಥಳವೂ ಸಮುದ್ರಮಟ್ಟಕ್ಕಿಂತ ಮೂರು ಮೀಟರಿನಷ್ಟು ಮೇಲಿರಲಿಲ್ಲ. ಅಲ್ಲಿಯ ಹವಾಮಾನ ಕಚೇರಿಯ ಅಧಿಕಾರಿ ಐಸಾಕ್ ಕ್ಲೈನ್ ಎಂಬವರು, ಚಂಡಮಾರುತದಿಂದ ಪಟ್ಟಣಕ್ಕೆ ದೊಡ್ಡ ಹಾನಿಯಾಗಲಾರದು ಎಂದು 1891ರಲ್ಲಿ ಪತ್ರಿಕೆಯಲ್ಲಿ ಬರೆದಿದ್ದರು. 1900ರ ಸೆಪ್ಟೆಂಬರ್ 7ರಂದು ಎಚ್ಚರಿಕೆಯ ಬಾವುಟ ಏರಿತು. ಮರುದಿನ ಬೆಳಗ್ಗೆ ಗಾಳಿಯು ನೆಲದಿಂದ ಕಡಲಿನ ಕಡೆಗೆ ಬೀಸುತ್ತಿತ್ತು; ಆದರೂ ನೀರು ಏರುತ್ತಲೇ ಇತ್ತು. ಗಾಳಿಗೆ ಎದುರಾಗಿ ಕಡಲು ಏರುವುದು ಘೋರ ಅಪಾಯದ ಸೂಚನೆ. ಜನರಾದರೋ ದೊಡ್ಡ ತೆರೆಗಳನ್ನು ನೋಡಲೆಂದು ತೀರಕ್ಕೆ ಹೋದರು; ಬೀದಿಗೆ ಬಂದ ನೀರಿನಲ್ಲಿ ಮಕ್ಕಳು ಆಡಿದರು. ಸಂಜೆಗೆ ನೀರಿನ ಮಟ್ಟವು 4.5 ಮೀಟರಿಗೂ ಮಿಕ್ಕಿ ಏರಿ ದ್ವೀಪವನ್ನೇ ಮುಚ್ಚಿತು. ಒಳನಾಡಿಗೆ ಹೋಗುವ ಸೇತುವೆಗಳು ಮುರಿದವು. ಕಡಿಮೆಯೆಂದರೂ 6,000 ಮಂದಿ ಅಸುನೀಗಿದರು. ಮೃತರಲ್ಲಿ ಕ್ಲೈನರ ಪತ್ನಿಯೂ ಒಬ್ಬರು. ಮುಂದೆ ಆ ಜನರು 5 ಮೀಟರಿಗೂ ಎತ್ತರದ ಕಡಲಗೋಡೆಯನ್ನು ಕಟ್ಟಿದರು. ಮರಳು ತುಂಬಿಸಿ ಪಟ್ಟಣದ ನೆಲವನ್ನೇ ಮೇಲೆತ್ತಿದರು.

ಬಿರುಗಾಳಿಯ ನಡಿಗೆ

ಇಲ್ಲಿ ಒಂದು ಸೋಜಿಗವನ್ನು ಗಮನಿಸಬೇಕು. ತೀವ್ರ ಚಂಡಮಾರುತದೊಳಗೆ ಸುತ್ತುವ ಗಾಳಿಯ ವೇಗವು ಗಂಟೆಗೆ 120 ಕಿಲೋಮೀಟರಿಗೂ ಹೆಚ್ಚು. ಆದರೆ ಆ ಸುಳಿಯು ಒಟ್ಟಾಗಿ ಮುಂದಕ್ಕೆ ಸಾಗುವ ವೇಗವು ಸಾಮಾನ್ಯವಾಗಿ ಗಂಟೆಗೆ 15ರಿಂದ 25 ಕಿಲೋಮೀಟರು ಮಾತ್ರ. ಅಂದರೆ ಅದು ಸೈಕಲ್ಲಿನ ವೇಗ! ಜನರು ಸಾಯುವುದು ಬಿರುಗಾಳಿಯು ಓಡಿಬರುವುದರಿಂದಲ್ಲ. ಬಹುಮಟ್ಟಿಗೆ ತಾವು ಹೊರಡಲು ತಡಮಾಡುವುದರಿಂದ.

ಕಡಲು ತಾನೇ ಮುಂಚಿತವಾಗಿ ದೂತರನ್ನು ಕಳುಹಿಸುತ್ತದೆ. ಬಿರುಗಾಳಿಯಲ್ಲಿ ಹುಟ್ಟಿದ ನೀಳವಾದ ತೆರೆಗಳು, ಒಂದರಿಂದೊಂದಕ್ಕೆ 15 ಸೆಕೆಂಡುಗಳ ಅಂತರವಿದ್ದರೆ, ಆಳವಾದ ನೀರಿನಲ್ಲಿ ಗಂಟೆಗೆ ಸುಮಾರು 40 ಕಿಲೋಮೀಟರಿನಂತೆ ಸಾಗುತ್ತವೆ. ಆದುದರಿಂದ ಆಕಾಶವು ಶುಭ್ರವಾಗಿರುವಾಗಲೇ ಅವು ದಡವನ್ನು ಸೇರುತ್ತವೆ. ನಮ್ಮ ಕೇರಳದ ಬೆಸ್ತರು ಇಂತಹ ಸದ್ದಿಲ್ಲದೆ ನುಗ್ಗುವ ಕಡಲಿಗೆ 'ಕಳ್ಳಕ್ಕಡಲ್' ಎನ್ನುತ್ತಾರೆ. ಸಾವಿರಾರು ಕಿಲೋಮೀಟರು ದೂರದ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗಳೂ ಇಲ್ಲಿ ಕಳ್ಳಕ್ಕಡಲನ್ನು ಎಬ್ಬಿಸುವುದುಂಟು.

ಪುಟ್ಟ ವಿಮಾನ

1943ರ ಜುಲೈ 27ರಂದು ಇದೇ ಗ್ಯಾಲ್ವೆಸ್ಟನ್ನಿನ ಬಳಿ ಒಂದು ಚಂಡಮಾರುತವು ದಡ ಸೇರುತ್ತಿತ್ತು. ಜೋಸೆಫ್ ಡಕ್‌ವರ್ತ್ ಎಂಬ ಸೈನ್ಯಾಧಿಕಾರಿಯು ರಾಲ್ಫ್ ಓಹೇರ್ ಎಂಬ ಸಹಾಯಕನೊಡನೆ, ಒಂದೇ ಯಂತ್ರದ, ಎರಡೇ ಆಸನದ ತರಬೇತಿ ವಿಮಾನವನ್ನು ಅದರ ಕಣ್ಣಿನೊಳಗೆ ನಡೆಸಿ ಸುರಕ್ಷಿತವಾಗಿ ಮರಳಿದನು. ಅದೇ ದಿನ ಹವಾಮಾನದ ಅಧಿಕಾರಿಯೊಬ್ಬನನ್ನು ಕೂರಿಸಿಕೊಂಡು ಮತ್ತೊಮ್ಮೆ ಹೋದನು. ವಿಮಾನದಿಂದ ಚಂಡಮಾರುತವನ್ನು ಅಳೆಯಬಹುದೆಂಬುದು ಇದರಿಂದ ಸ್ಪಷ್ಟವಾಯಿತು. ಅಮೆರಿಕದಲ್ಲಿ ಅಂತಹ ಹಾರಾಟಗಳು ಇಂದಿಗೂ ನಡೆಯುತ್ತವೆ. ಆದರೆ ಅವಕ್ಕೆ ಅನೇಕ ಯಂತ್ರಗಳುಳ್ಳ ದೊಡ್ಡ ವಿಮಾನಗಳನ್ನು ಬಳಸುತ್ತಾರೆ.

ಡಕ್‌ವರ್ತನು ಕಣ್ಣಿಗೆ ಏನೂ ಕಾಣದಿರುವಾಗ ಉಪಕರಣಗಳನ್ನೇ ನೋಡಿ ಹಾರುವ ವಿದ್ಯೆಯಲ್ಲಿ ನುರಿತ ಗುರು. ವಿಹಾರಕ್ಕೆ ಬಂದ ಸಂಸಾರಸ್ಥನು ಅವನನ್ನು ಅನುಕರಿಸಬಾರದು. ತೀವ್ರವಾದ ಗುಡುಗು ಮೋಡದಿಂದ ಕನಿಷ್ಠ 20 ಮೈಲು ದೂರವಿರಬೇಕೆಂದು ಅಲ್ಲಿಯ ವಿಮಾನಯಾನ ಇಲಾಖೆಯು ಬುದ್ಧಿ ಹೇಳುತ್ತದೆ. ಸಣ್ಣ ವಿಮಾನವು ಗಂಟೆಗೆ ಸುಮಾರು 220 ಕಿಲೋಮೀಟರು ಹಾರಿ ಚಂಡಮಾರುತವನ್ನು ಸುಲಭವಾಗಿ ಹಿಂದೆ ಹಾಕಬಲ್ಲದು. ಆದರೆ ಚಂಡಮಾರುತದ ಮಳೆಮೋಡಗಳ ಪಟ್ಟೆಗಳು ಕೇಂದ್ರಕ್ಕಿಂತ ನೂರಾರು ಕಿಲೋಮೀಟರು ಮುಂದಕ್ಕೆ ಚಾಚಿರುತ್ತವೆ. ಅವು ತಲೆಯ ಮೇಲೆ ಬಂದ ಮೇಲೆ ವೇಗದಿಂದ ಪ್ರಯೋಜನವಿಲ್ಲ.

ತೂಕದ ಲೆಕ್ಕವೂ ಇದೆ. ಸೆಸ್ನಾ 172 ಎಂಬ ಸುಪ್ರಸಿದ್ಧ ಸಣ್ಣ ವಿಮಾನದಲ್ಲಿ ಇಂಧನವನ್ನು ಪೂರ್ತಿ ತುಂಬಿದ ಮೇಲೆ ಸುಮಾರು 250 ಕಿಲೋಗ್ರಾಂ ಹೊರಬಹುದೆನ್ನೋಣ. ತಂದೆತಾಯಿಗಳಿಬ್ಬರು 140, ಇಬ್ಬರು ಮಕ್ಕಳು 60, ನಾಯಿ 30 ಕಿಲೋಗ್ರಾಂ ಆದರೆ ಸಾಮಾನಿಗೆ ಉಳಿಯುವುದು 20 ಮಾತ್ರ. ಯಾವುದನ್ನು ಬಿಡಬೇಕೆಂಬುದನ್ನು ಶಾಂತಚಿತ್ತದಿಂದ ಮೊದಲೇ ನಿಶ್ಚಯಿಸಬೇಕು. ಸಾಮಾನನ್ನು ಬಿಡಬಹುದು, ನಾಯಿಯನ್ನು ಬಿಡಬಹುದೇ?

ನಾಯಿಯನ್ನು ಬಿಟ್ಟು ಹೋಗುವುದೇ?

ಈ ಪ್ರಶ್ನೆ ನಮಗೆ ಹೊಸದಲ್ಲ. ಜೊತೆಗೆ ಬಂದ ನಾಯಿಯನ್ನು ಬಿಟ್ಟು ಸ್ವರ್ಗವೂ ಬೇಡವೆಂದ ಧರ್ಮರಾಯನ ಕಥೆಯನ್ನು ನಾವೆಲ್ಲರೂ ಕೇಳಿದ್ದೇವೆ. 2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತವು ಅದೇ ಮೆಕ್ಸಿಕೋ ಕೊಲ್ಲಿಯ ದಡಕ್ಕೆ ಅಪ್ಪಳಿಸಿದಾಗ ಈ ಧರ್ಮಸಂಕಟವು ಸಾವಿರಾರು ಮನೆಗಳಲ್ಲಿ ತಲೆದೋರಿತು. ಆಶ್ರಯಸ್ಥಾನಗಳಲ್ಲಿಯೂ ಬಸ್ಸುಗಳಲ್ಲಿಯೂ ಬಹುಮಟ್ಟಿಗೆ ಪ್ರಾಣಿಗಳಿಗೆ ಪ್ರವೇಶವಿರಲಿಲ್ಲ. ಬಸ್ಸೇರುತ್ತಿದ್ದ ಒಬ್ಬ ಚಿಕ್ಕ ಹುಡುಗನ ಕೈಯಿಂದ ಸ್ನೋಬಾಲ್ ಎಂಬ ನಾಯಿಯನ್ನು ಕಿತ್ತುಕೊಂಡ ಸುದ್ದಿಯನ್ನು ಓದಿ ಆ ದೇಶವೇ ಮರುಗಿತು. ಅನೇಕರು ನಾಯಿಯನ್ನು ತೊರೆಯಲಾರದೆ ಮನೆಯಲ್ಲೇ ಉಳಿದರು. ಕೆಲವರು ಅಲ್ಲಿಯೇ ಪ್ರಾಣವನ್ನೂ ಕಳೆದುಕೊಂಡರು.

ಇದರಿಂದ ಅಲ್ಲಿಯ ಸರಕಾರವು ಪಾಠ ಕಲಿಯಿತು. ಜನರನ್ನು ಸ್ಥಳಾಂತರಿಸುವ ಯೋಜನೆಯಲ್ಲಿ ಸಾಕುಪ್ರಾಣಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬ ಕಾನೂನು 2006ರ ಅಕ್ಟೋಬರಿನಲ್ಲಿ ಜಾರಿಗೆ ಬಂತು. 2017ರ ಆಗಸ್ಟಿನಲ್ಲಿ ಹಾರ್ವೆ ಚಂಡಮಾರುತವು ಟೆಕ್ಸಾಸಿಗೆ ಬಂದಾಗ, ಅನಾಥ ನಾಯಿಗಳ ಆಶ್ರಮಗಳಲ್ಲಿ ಮೊದಲೇ ಇದ್ದ ನಾಯಿಗಳನ್ನು ವಿಮಾನಗಳಲ್ಲಿ ದೂರದ ಊರುಗಳಿಗೆ ಸಾಗಿಸಿದರು. ನೆರೆಯಲ್ಲಿ ಒಡೆಯರಿಂದ ಅಗಲಿದ ನಾಯಿಗಳಿಗೆ ಆ ಜಾಗ ಬೇಕಾಗಿತ್ತು. ಒಡೆಯನು ಹುಡುಕಿಕೊಂಡು ಬಂದಾಗ ಅವನ ನಾಯಿ ಸಮೀಪದಲ್ಲೇ ಸಿಗಬೇಕಷ್ಟೆ!

ಪ್ರಾಣಿಪ್ರೀತಿಯು ಮನುಷ್ಯನ ರಕ್ಷಣೆಗೆ ಅಡ್ಡಿಯೆಂದು ಭಾವಿಸುವುದು ಸರಿಯಲ್ಲ. ಪ್ರೀತಿಪಾತ್ರವಾದುದನ್ನು ಜೊತೆಗೆ ಕರೆದೊಯ್ಯಲು ದಾರಿಯಿದ್ದರೆ ಮನುಷ್ಯನು ಬೇಗ ಹೊರಡುತ್ತಾನೆ, ಇಲ್ಲದಿದ್ದರೆ ಹಿಂಜರಿಯುತ್ತಾನೆ. ನಮ್ಮಲ್ಲಿ ನಾಯಿಯ ಜೊತೆಗೆ ಹಟ್ಟಿಯ ದನಕರುಗಳನ್ನೂ ಈ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ನಮ್ಮ ತೀರದಲ್ಲಿ

2021ರ ಮೇ 14ರ ಸುಮಾರಿಗೆ ಲಕ್ಷದ್ವೀಪದ ಬಳಿ ರೂಪುಗೊಂಡ ತೌಕ್ತೆ ಚಂಡಮಾರುತವು ನಮ್ಮ ಪಶ್ಚಿಮ ಕರಾವಳಿಯ ಉದ್ದಕ್ಕೂ ಉತ್ತರಕ್ಕೆ ಸಾಗಿ ಮೇ 17ರ ರಾತ್ರಿ ಗುಜರಾತಿನ ದಡವನ್ನು ಸೇರಿತು. ಕೇಂದ್ರವು ದೂರದ ಕಡಲಿನಲ್ಲೇ ಇದ್ದರೂ ಕೇರಳ ಕರ್ನಾಟಕಗಳ ತೀರದಲ್ಲಿ ಕಡಲ್ಕೊರೆತ ಬಲವಾಗಿತ್ತು. ಭಾರತ ಹವಾಮಾನ ಇಲಾಖೆಯು ಚಂಡಮಾರುತದ ವಿಷಯದಲ್ಲಿ ಹಂತಹಂತವಾಗಿ ಸೂಚನೆ ನೀಡುತ್ತದೆ: 72 ಗಂಟೆಗಳ ಮುಂಚೆ ನಿಗಾ ಸೂಚನೆ, 48 ಗಂಟೆಗಳ ಮುಂಚೆ ಜಾಗೃತಿ ಸೂಚನೆ, 24 ಗಂಟೆಗಳ ಮುಂಚೆ ಎಚ್ಚರಿಕೆ. ಎಲ್ಲ ಬಿರುಗಾಳಿಗಳೂ ಇಷ್ಟು ಹೊತ್ತು ಕೊಡುವುದಿಲ್ಲ. 2017ರ ನವೆಂಬರ್ 30ರಂದು ಕನ್ಯಾಕುಮಾರಿಯ ಸಮೀಪ ಒಖಿಯು ಬಹುಬೇಗ ಬಲಗೊಂಡಾಗ, ಅದಾಗಲೇ ಕಡಲಿಗಿಳಿದಿದ್ದ ನೂರಾರು ಬೆಸ್ತರು ಮರಳಿ ಬರಲಿಲ್ಲ. ಆದುದರಿಂದ ದೊರೆತ ಹೊತ್ತಿನ ಒಂದು ಗಂಟೆಯನ್ನೂ ವ್ಯರ್ಥಮಾಡಬಾರದು.

ಹೆತ್ತವರು ಮಕ್ಕಳೊಡನೆ ಕುಳಿತು ಈ ಕೆಲವು ವಿಷಯಗಳನ್ನು ಇಂದೇ ನಿಶ್ಚಯಿಸುವುದು ಒಳ್ಳೆಯದು. ಎಚ್ಚರಿಕೆ ಬಂದರೆ ಯಾರ ಮನೆಗೆ, ಯಾವ ದಾರಿಯಿಂದ ಹೋಗುವುದು? ಆಧಾರಪತ್ರ, ಔಷಧಿ, ಬ್ಯಾಟರಿ ದೀಪ ಎಲ್ಲಿವೆ? ಅಜ್ಜ ಅಜ್ಜಿಯರನ್ನು ಕರೆದೊಯ್ಯುವವರು ಯಾರು? ನಾಯಿಗೆ ಕೊರಳಪಟ್ಟಿಯೂ ಹಗ್ಗವೂ ಇವೆಯೇ? ಅನಿವಾರ್ಯವಾಗಿ ಪ್ರಾಣಿಗಳನ್ನು ಬಿಟ್ಟು ಹೋಗಬೇಕಾದರೆ ಕಟ್ಟು ಬಿಚ್ಚಿಯೇ ಹೋಗಬೇಕು. ಕಟ್ಟಿಹಾಕಿದ ಪ್ರಾಣಿಗೆ ಏರುವ ನೀರಿನಿಂದ ಬಿಡುಗಡೆಯಿಲ್ಲ. ಕಳ್ಳಕ್ಕಡಲಿನ ಸೂಚನೆಯಿರುವಾಗ ತೀರದಲ್ಲಿ ಬಿಸಿಲಿದ್ದರೂ ನೀರಿಗಿಳಿಯಬಾರದು. ತೆರೆಗಳನ್ನು ನೋಡಲು ಹೋಗುವುದು ಅಂದಿನ ವಿನೋದವಾಗಬಾರದು.

ಮುನ್ಸೂಚನೆಗೂ ಗಾಳಿಗೂ ನಡುವೆ ಇರುವ ಹೊತ್ತೇ ಮನುಷ್ಯನಿಗೆ ವಿಜ್ಞಾನವು ಕೊಟ್ಟ ಐಶ್ವರ್ಯ. 1900ರಲ್ಲಿ ಅದು ಒಂದು ದಿನದಷ್ಟಿತ್ತು. ಇಂದು ಅನೇಕ ವೇಳೆ ಮೂರು ದಿನಗಳಷ್ಟಿದೆ. ಅದನ್ನು ಬಳಸುವ ವಿವೇಕವನ್ನು ಮಾತ್ರ ನಾವೇ ಗಳಿಸಿಕೊಳ್ಳಬೇಕು.

ಅಭ್ಯಾಸ

1. ಗಾಳಿಯು ನೆಲದಿಂದ ಕಡಲಿನ ಕಡೆಗೆ ಬೀಸುತ್ತಿದ್ದರೂ ಗ್ಯಾಲ್ವೆಸ್ಟನ್ನಿನಲ್ಲಿ ನೀರು ಏರಿದುದು ಏಕೆ ಅಪಾಯದ ಸೂಚನೆಯಾಗಿತ್ತು?

2. ಒಂದು ಚಂಡಮಾರುತದ ಕೇಂದ್ರವು ನಮ್ಮಿಂದ 600 ಕಿಲೋಮೀಟರು ದೂರದಲ್ಲಿದ್ದು ಗಂಟೆಗೆ 20 ಕಿಲೋಮೀಟರಿನಂತೆ ನೇರವಾಗಿ ನಮ್ಮತ್ತ ಬರುತ್ತಿದೆ. ಅದರ ಮಳೆಮೋಡಗಳು 200 ಕಿಲೋಮೀಟರು ಮುಂದೆ ಚಾಚಿವೆ. ಮಳೆ ಗಾಳಿ ಆರಂಭವಾಗುವ ಮೊದಲು ನಮಗೆ ದೊರೆಯುವ ಹೊತ್ತು ಎಷ್ಟು?

3. ನಿಮ್ಮ ಮನೆಯಿಂದ ಎತ್ತರದ ಸುರಕ್ಷಿತ ಸ್ಥಳಕ್ಕೆ ಹೋಗುವ ದಾರಿಯ ನಕ್ಷೆಯನ್ನು ಬರೆಯಿರಿ. ಜೊತೆಗೆ ಬರಬೇಕಾದವರೆಲ್ಲರ ಹೆಸರನ್ನು ಕೆಳಗೆ ನಮೂದಿಸಿರಿ. ನಾಯಿಯ ಹೆಸರನ್ನು ಮರೆಯಬೇಡಿರಿ.